ಎದುರಾಳಿಯ ಹೆಸರು

(ಸಂಘದ ವಾರ್ಷಿಕ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಆರಿಸಿಕೊಂಡಿರುವ ವಿಷಯ ಕೆಲವರಿಗೆ ಅಚ್ಚರಿಯನ್ನೂ ಇನ್ನು ಕೆಲವರಿಗೆ ಇರಿಸುಮುರಿಸನ್ನೂ ತಂದಿದೆ ಎಂಬುದು ನನಗೆ ಗೊತ್ತಿದೆ. 'ಈ ವಿಷಯ ನಮ್ಮ ವೇದಿಕೆಗೆ ತಕ್ಕುದೇ?' ಎಂದು ಕಾರ್ಯಕಾರಿ ಸಮಿತಿಯ ಹಿರಿಯರೊಬ್ಬರು ಸೌಜನ್ಯದಿಂದಲೇ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಐಸ್ ಹಾಕಿ ನಾವು ಆಡದ ಆಟ. ಇಬ್ಬರು ಗಂಡಸರ ನಡುವಿನ ಒಲವು ನಾವು ಸಭೆಯಲ್ಲಿ ಆಡದ ಮಾತು. ಇವೆರಡನ್ನೂ ಒಂದುಗೂಡಿಸಿದ ಕೆನಡಾದ ಜನಪ್ರಿಯ ಕಾದಂಬರಿಯೊಂದು ಮುಂಬಯಿ ಕನ್ನಡಿಗರಿಗೆ ಏನು ಹೇಳೀತು? ಈ ಪ್ರಶ್ನೆಗೆ ನನಗೆ ತೋಚಿದ ಉತ್ತರವೇ ಈ ಉಪನ್ಯಾಸ. ಟೊರಾಂಟೊದಲ್ಲಿ ನೆಲಸಿರುವ ನನ್ನ ತಂಗಿಯ ಮಗಳು ಈ ಪುಸ್ತಕವನ್ನು ನನ್ನ ಕೈಗಿತ್ತು, 'ಮಾವ, ಮೂಗು ಮುರಿಯದೆ ಕೊನೆಯವರೆಗೆ ಓದಿ' ಎಂದಳು. ಓದಿದೆ. ಅದರ ಮೇಲೆ ತೆಗೆದ ದೂರದರ್ಶನ ಧಾರಾವಾಹಿಯನ್ನೂ ನೋಡಿದೆ.

ಕಾದಂಬರಿಯ ಹೆಸರು 'ಹೀಟೆಡ್ ರೈವಲ್ರಿ'. ಬರೆದವರು ಕೆನಡಾದ ನೋವಾ ಸ್ಕಾಷಿಯ ಪ್ರಾಂತದ ಲೇಖಕಿ ರೇಚೆಲ್ ರೀಡ್. 2018ರಲ್ಲಿ 'ಗೇಮ್ ಚೇಂಜರ್' ಎಂಬ ಕಾದಂಬರಿಯಿಂದ ಮೊದಲಾದ ಅವರ ಮಾಲೆಯಲ್ಲಿ ಇದು ಎರಡನೆಯದು; ಪ್ರಕಟವಾದದ್ದು 2019ರಲ್ಲಿ. ಜೇಕಬ್ ಟಿಯರ್ನಿ ಅವರ ನಿರ್ದೇಶನದಲ್ಲಿ ಆರು ಕಂತುಗಳ ಧಾರಾವಾಹಿಯಾಗಿ ಇದು 2025ರ ನವೆಂಬರ್ 28ರಂದು ಕೆನಡಾದ ಕ್ರೇವ್ ವಾಹಿನಿಯಲ್ಲಿ ತೆರೆಗೆ ಬಂತು. ಅಲ್ಲಿಂದಾಚೆಗೆ ಹಾಕಿಯ ಗಂಧಗಾಳಿಯಿಲ್ಲದವರೂ ಇದರ ಬಗೆಗೆ ಮಾತನಾಡತೊಡಗಿದರು.

ಕಥೆಯ ಹಂದರ ಸರಳವಾದದ್ದು. 2008ರ ಚಳಿಗಾಲ. ಕಿರಿಯರ ವಿಶ್ವ ಪಂದ್ಯಾವಳಿಗೆಂದು ಬಂದ ಹದಿಹರೆಯದ ಇಬ್ಬರು ಆಟಗಾರರು ಕೆನಡಾದ ರೆಜೈನಾ ಎಂಬ ಊರಿನಲ್ಲಿ ಮೊದಲ ಬಾರಿಗೆ ಎದುರಾಗುತ್ತಾರೆ. ಒಬ್ಬ ಶೇನ್ ಹಾಲೆಂಡರ್, ಆಟವಾವನ ಹುಡುಗ. ತಾಯಿ ಜಪಾನಿ ಮೂಲದವಳು. ಶಿಸ್ತು, ಮಿತಾಹಾರ, ಹೊತ್ತಿಗೆ ಸರಿಯಾಗಿ ನಿದ್ದೆ, ಪತ್ರಕರ್ತರ ಮುಂದೆ ತೂಕದ ಮಾತು. ಇನ್ನೊಬ್ಬ ಇಲ್ಯಾ ರೊಜಾನೊವ್, ಮಾಸ್ಕೋದವನು. ಸಿಗರೇಟು, ವೇಗದ ಕಾರುಗಳು, ಉಡಾಫೆಯ ನಗೆ, ಎದುರಾಳಿಯನ್ನು ಕೆಣಕುವ ನಾಲಗೆ. ಮುಂದೆ ಒಬ್ಬ ಮಾಂಟ್ರಿಯಲ್ ತಂಡಕ್ಕೂ ಇನ್ನೊಬ್ಬ ಬಾಸ್ಟನ್ ತಂಡಕ್ಕೂ ಸೇರುತ್ತಾರೆ. ನಿಜಜೀವನದಲ್ಲೂ ಆ ಎರಡು ನಗರಗಳ ತಂಡಗಳದು ತಲೆಮಾರುಗಳಿಂದ ಬಂದ ಹಗೆತನ. ಪತ್ರಿಕೆಗಳಿಗೆ, ಜಾಹೀರಾತು ಕಂಪನಿಗಳಿಗೆ, ಪ್ರೇಕ್ಷಕರಿಗೆ ಈ ಇಬ್ಬರು ಹಾವು-ಮುಂಗುಸಿಗಳಾಗಿರುವುದೇ ಬೇಕು. ಆದರೆ ಪಂದ್ಯ ಮುಗಿದ ರಾತ್ರಿ, ಯಾವುದೋ ಹೋಟೆಲಿನ ಯಾವುದೋ ಕೋಣೆಯಲ್ಲಿ, ಈ ಇಬ್ಬರೂ ಗುಟ್ಟಾಗಿ ಕೂಡುತ್ತಾರೆ. ವರ್ಷಕ್ಕೆ ಕೆಲವೇ ಸಲ; ಪಂದ್ಯಗಳ ವೇಳಾಪಟ್ಟಿ ಅವಕಾಶ ಕೊಟ್ಟಷ್ಟು ಸಲ. ದೇಹದ ಹಸಿವಾಗಿ ಮೊದಲಾದದ್ದು ಎಂಟೊಂಬತ್ತು ವರ್ಷಗಳಲ್ಲಿ ಬಿಡಿಸಿಕೊಳ್ಳಲಾಗದ ಒಲವಾಗಿ ಬೆಳೆಯುತ್ತದೆ.

ವಿರುದ್ಧಗಳ ನಡುವಿನ ಸೆಳೆತ ಸಾಹಿತ್ಯಕ್ಕೆ ಹೊಸತೇನಲ್ಲ. ನಮ್ಮ ಜನ್ನ 1209ರಷ್ಟು ಹಿಂದೆಯೇ 'ಯಶೋಧರ ಚರಿತೆ'ಯಲ್ಲಿ ಇದನ್ನು ಎತ್ತಿಕೊಂಡ. ಸುಂದರನಾದ ಅರಸನ ಮಡದಿ ಅಮೃತಮತಿ, ಇರುಳಿನಲ್ಲಿ ತೇಲಿಬಂದ ಹಾಡೊಂದಕ್ಕೆ ಸೋತು, ಕುರೂಪಿಯಾದ ಮಾವುತ ಅಷ್ಟಾವಂಕನಿಗೆ ಮನಸ್ಸು ಕೊಡುತ್ತಾಳೆ. ಧರ್ಮದ ಚೌಕಟ್ಟಿನಲ್ಲಿ ಜನ್ನ ಆ ಪ್ರೇಮವನ್ನು ಖಂಡಿಸುತ್ತಾನೆ; ಆದರೆ ಕವಿಯಾಗಿ ಆ ಸೆಳೆತದ ಬಲವನ್ನು ಮುಚ್ಚಿಡುವುದಿಲ್ಲ. ಎಂಟು ನೂರು ವರ್ಷಗಳ ಹಿಂದಿನ ಕನ್ನಡದ ಓದುಗನಿಗೆ ಈ ಧೈರ್ಯವಿತ್ತು ಎಂಬುದನ್ನು ನೆನೆದರೆ, ಇಂದಿನ ನಮ್ಮ ಮುಜುಗರವನ್ನು ಪರಂಪರೆಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವುದು ಕಷ್ಟ.

ಈ ಕಾದಂಬರಿಯಲ್ಲಿ ಶೃಂಗಾರದ ವಿವರಗಳು ಧಾರಾಳವಾಗಿವೆ. ಅದನ್ನು ಮುಚ್ಚಿಟ್ಟು ಮಾತನಾಡುವುದು ಸರಿಯಲ್ಲ. ಇದು ಪ್ರೇಮಕಾದಂಬರಿಯೆಂಬ ಜನಪ್ರಿಯ ಪ್ರಕಾರಕ್ಕೆ ಸೇರಿದ್ದು, ಆ ಪ್ರಕಾರದ ಸೌಲಭ್ಯಗಳನ್ನೆಲ್ಲ ಬಳಸಿಕೊಳ್ಳುವಂಥದು. ನಾಯಕರಿಬ್ಬರೂ ಚೆಲುವರು, ಸಿರಿವಂತರು, ಅಸಾಮಾನ್ಯ ಪ್ರತಿಭಾವಂತರು. ಇದನ್ನು ಮಹಾಕಾದಂಬರಿಯೆಂದು ನಾನು ಹೊಗಳಲಾರೆ. ಆದರೆ ಜನಪ್ರಿಯ ಸಾಹಿತ್ಯ ತನಗರಿವಿಲ್ಲದೆಯೇ ಒಂದು ಸಮಾಜದ ಕೊರತೆಯನ್ನು ಅಳೆದು ತೋರಿಸುವುದುಂಟು. ನನಗೆ ಮುಖ್ಯವೆನಿಸಿದ್ದು ಈ ಅಳತೆ.

ಏನು ಆ ಕೊರತೆ? ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್ ಸ್ಥಾಪನೆಯಾದದ್ದು 1917ರಲ್ಲಿ. ಶತಮಾನಕ್ಕೂ ಮೀರಿದ ಅದರ ಇತಿಹಾಸದಲ್ಲಿ ಸಾವಿರಾರು ಆಟಗಾರರು ಆಡಿಹೋಗಿದ್ದಾರೆ. ಆ ಲೀಗಿನ ತಂಡವೊಂದರೊಡನೆ ಒಪ್ಪಂದವಿದ್ದ ಆಟಗಾರನೊಬ್ಬ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದ್ದು ಮೊದಲ ಸಲ 2021ರ ಜುಲೈ ತಿಂಗಳಿನಲ್ಲಿ. ಆತ ನ್ಯಾಶ್ವಿಲ್ ತಂಡ ಆಯ್ಕೆಮಾಡಿಕೊಂಡಿದ್ದ ಲ್ಯೂಕ್ ಪ್ರೊಕಾಪ್. ಆಗ ಇನ್ನೂ ಲೀಗಿನ ಪಂದ್ಯವೊಂದರಲ್ಲೂ ಕಣಕ್ಕಿಳಿಯದಿದ್ದ ತರುಣ. 2023ರ ಜನವರಿಯಲ್ಲಿ ಫಿಲಡೆಲ್ಫಿಯಾ ತಂಡದ ರಷ್ಯನ್ ಆಟಗಾರ ಇವಾನ್ ಪ್ರೊವೊರೊವ್, ಸಲಿಂಗಿಗಳನ್ನು ಬೆಂಬಲಿಸುವ ಕಾಮನಬಿಲ್ಲಿನ ಬಣ್ಣದ ಅಂಗಿಯನ್ನು ತಾಲೀಮಿನ ವೇಳೆ ತೊಡಲು ನಿರಾಕರಿಸಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಲೀಗ್, ತಾಲೀಮಿನಲ್ಲಿ ಇಂಥ ವಿಶೇಷ ಅಂಗಿಗಳ ಪದ್ಧತಿಯನ್ನೇ ಕೈಬಿಟ್ಟಿತು. ಹಾಕಿ ಕೋಲಿಗೆ ಸುತ್ತುವ ಬಣ್ಣದ ಪಟ್ಟಿಯನ್ನೂ ನಿಷೇಧಿಸಿತು. ಟ್ರಾವಿಸ್ ಡರ್ಮಟ್ ಎಂಬ ಆಟಗಾರ ಅಕ್ಟೋಬರಿನಲ್ಲಿ ಆ ನಿಷೇಧವನ್ನು ಮುರಿದು ಆಡಿದ ಮೇಲೆ ಅದನ್ನು ಹಿಂತೆಗೆದುಕೊಂಡಿತು. ಒಂದು ಅಂಗಿಗೆ, ಒಂದು ಪಟ್ಟಿಗೆ ಇಷ್ಟು ಗದ್ದಲವಾದ ಕಡೆ, ಇಬ್ಬರು ನಾಯಕ ಆಟಗಾರರ ಪ್ರೇಮ ಕಾದಂಬರಿಯಲ್ಲಲ್ಲದೆ ಇನ್ನೆಲ್ಲಿ ನಡೆದೀತು?

ಈ ಆಟದ ಬಗ್ಗೆ ಒಂದು ಮಾತು ಹೇಳಬೇಕು. ತಂಡಕ್ಕೆ ಗೋಲಿಯೂ ಸೇರಿ ಆರು ಮಂದಿ, ಇಪ್ಪತ್ತು ನಿಮಿಷಗಳ ಮೂರು ಅವಧಿ, ಮಂಜುಗಡ್ಡೆಯ ಮೇಲೆ ಜಾರುವ ರಬ್ಬರಿನ ಬಿಲ್ಲೆ. ಇಬ್ಬರು ಆಟಗಾರರು ಕೈಗವಸು ಕಿತ್ತೆಸೆದು ಮುಖಕ್ಕೆ ಮುಖ ಕೊಟ್ಟು ಗುದ್ದಾಡಿದರೆ ಇಬ್ಬರಿಗೂ ಐದು ನಿಮಿಷ ಕಟಕಟೆಯಲ್ಲಿ ಕೂರುವ ಶಿಕ್ಷೆ. ಐದು ನಿಮಿಷ ಕಳೆದರೆ ಮತ್ತೆ ಆಟ, ಪ್ರೇಕ್ಷಕರ ಜಯಘೋಷ. ಇಬ್ಬರು ಗಂಡಸರು ಪರಸ್ಪರ ರಕ್ತ ಬರುವಂತೆ ಹೊಡೆದುಕೊಳ್ಳುವುದಕ್ಕೆ ನಿಯಮಾವಳಿಯಲ್ಲಿ ಇಂತಿಷ್ಟೇ ನಿಮಿಷವೆಂದು ಲೆಕ್ಕವಿದೆ. ಅದೇ ಇಬ್ಬರು ಕೈಹಿಡಿದು ನಿಂತರೆ ಏನು ಮಾಡಬೇಕೆಂಬುದು ಮಾತ್ರ ಯಾರಿಗೂ ತಿಳಿಯದು.

ಸುಳ್ಳೆನಿಸಿದರೆ ಬೇರೆ ಆಟಗಳ ಚರಿತ್ರೆಯನ್ನು ನೋಡಬಹುದು. ಗ್ಲೆನ್ ಬರ್ಕ್ ಎಂಬ ಕರಿಯ ಆಟಗಾರ 1976ರಿಂದ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಬೇಸ್‌ಬಾಲ್ ತಂಡದಲ್ಲಿದ್ದರು. ಇಂದು ನಮ್ಮ ಕ್ರಿಕೆಟಿಗರು ವಿಕೆಟ್ ಬಿದ್ದಾಗ ಕೈಯೆತ್ತಿ ಅಂಗೈಗೆ ಅಂಗೈ ತಟ್ಟುತ್ತಾರಲ್ಲ, ಆ ಸಂಭ್ರಮದ ರೂಢಿಯನ್ನು 1977ರ ಅಕ್ಟೋಬರಿನಲ್ಲಿ ಮೊದಲುಮಾಡಿದವರು ಅವರೇ ಎಂದು ಹೇಳುವುದುಂಟು. ಹೆಣ್ಣೊಬ್ಬಳನ್ನು ಮದುವೆಯಾದರೆ 75,000 ಡಾಲರ್ ಕೊಡುವುದಾಗಿ ತಂಡದ ಆಡಳಿತದವರು ಆಸೆ ತೋರಿಸಿದರೆಂದು ಬರ್ಕ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1978ರಲ್ಲಿ ಅವರನ್ನು ಬೇರೆ ತಂಡಕ್ಕೆ ದಾಟಿಸಲಾಯಿತು. ಮರುವರ್ಷವೇ ಆಟ ಬಿಟ್ಟರು. 1995ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜಸ್ಟಿನ್ ಫಶಾನು 1990ರಲ್ಲಿ ತಮ್ಮ ಸ್ವಭಾವವನ್ನು ಬಹಿರಂಗಪಡಿಸಿದರು. 1998ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಬಾಸ್ಕೆಟ್‌ಬಾಲ್‌ನ ಜೇಸನ್ ಕಾಲಿನ್ಸ್ 2013ರಲ್ಲಿ ಮಾತನಾಡುವ ಹೊತ್ತಿಗೆ ಗಾಳಿ ಸ್ವಲ್ಪ ಬದಲಾಗಿತ್ತು. ಪ್ರೇಮಕಾದಂಬರಿಗೆ ಸುಖಾಂತ್ಯ ಕಡ್ಡಾಯ. ವಿಮರ್ಶಕರಾದ ನಾವು ಸುಖಾಂತ್ಯವನ್ನು ಹಗುರವಾಗಿ ನೋಡುವ ಅಭ್ಯಾಸದವರು. ಬರ್ಕ್, ಫಶಾನು ಇವರ ಬದುಕಿನ ಪಕ್ಕದಲ್ಲಿಟ್ಟು ನೋಡಿದಾಗ, ಈ ಇಬ್ಬರು ಹುಡುಗರು ಕೊನೆಯಲ್ಲಿ ಬದುಕಿರುತ್ತಾರೆ, ಒಟ್ಟಿಗಿರುತ್ತಾರೆ ಎಂಬುದೇ ಲೇಖಕಿ ಮಂಡಿಸುತ್ತಿರುವ ವಾದವೆಂದು ನನಗೆ ಕಂಡಿತು.

ಆದರೆ ಇದೇ ಆಟದ ಇನ್ನೊಂದು ಅಂಗಳದಲ್ಲಿ ಇದು ಕಲ್ಪನೆಯಾಗಿ ಉಳಿದಿಲ್ಲ. ಮಹಿಳೆಯರ ಐಸ್ ಹಾಕಿಯಲ್ಲಿ ಅಮೆರಿಕ ಮತ್ತು ಕೆನಡಾ ತಂಡಗಳ ಹಗೆತನ ಗಂಡಸರದಕ್ಕಿಂತ ಒಂದು ತೂಕ ಹೆಚ್ಚೇ. 2014ರ ಸೋಚಿ ಒಲಿಂಪಿಕ್ಸ್‌ನ ಅಂತಿಮ ಪಂದ್ಯದಲ್ಲಿ ಕೆನಡಾ ಹೆಚ್ಚುವರಿ ಅವಧಿಯಲ್ಲಿ ಅಮೆರಿಕವನ್ನು 3-2ರಿಂದ ಸೋಲಿಸಿತು. ಗೆದ್ದ ತಂಡದಲ್ಲಿ ಕ್ಯಾರೊಲಿನ್ ಊಲೆಟ್, ಸೋತ ತಂಡದಲ್ಲಿ ಜೂಲಿ ಚು. 2002, 2010, 2014 ಹೀಗೆ ಮೂರು ಒಲಿಂಪಿಕ್ ಅಂತಿಮ ಪಂದ್ಯಗಳಲ್ಲಿ ಎದುರುಬದುರಾಗಿ ಆಡಿದ ಈ ಇಬ್ಬರು ಬಾಳಸಂಗಾತಿಗಳಾದರು. 2017ರಲ್ಲಿ ಅವರಿಗೆ ಮಗಳು ಹುಟ್ಟಿದಳು. ಅಮೆರಿಕ ತಂಡದ ನಾಯಕಿಯಾಗಿ 2018ರಲ್ಲಿ ಚಿನ್ನ ಗೆದ್ದ ಮೇಗನ್ ಡಗನ್ ಅದೇ ವರ್ಷ ಕೆನಡಾದ ಗಿಲಿಯನ್ ಆ್ಯಪ್ಸ್ ಅವರನ್ನು ಮದುವೆಯಾದರು. ಗಿಲಿಯನ್ ಅವರ ಅಜ್ಜ ಸಿಲ್ ಆ್ಯಪ್ಸ್, ಟೊರಾಂಟೊ ತಂಡದ ನಾಯಕರಾಗಿ ಗಂಡಸರ ಲೀಗಿನಲ್ಲಿ ಪ್ರಾತಃಸ್ಮರಣೀಯರಾದವರು.

ಅದೇ ಮಂಜುಗಡ್ಡೆ, ಅದೇ ಹಗೆತನ, ಅದೇ ಎರಡು ದೇಶ. ಅಲ್ಲಿ ಎದುರಾಳಿಗಳು ಮದುವೆಯಾದರೂ ಆಟ ಕೆಡಲಿಲ್ಲ, ಸ್ಪರ್ಧೆಯ ಕಾವು ಆರಲಿಲ್ಲ. ಹಾಗಾದರೆ ಗಂಡಸರ ಅಂಗಳದಲ್ಲಿ ಅಡ್ಡಿಯಾಗಿರುವುದೇನು? ಹಣ ಒಂದು ಕಾರಣ. ಗಂಡಸರ ಆಟದಲ್ಲಿ ಜಾಹೀರಾತಿನ ಬಂಡವಾಳ ಅಪಾರ. ಆದರೆ ಹೆಣ್ಣುಮಕ್ಕಳೂ ಈ ದಂಡ ತೆತ್ತಿದ್ದಾರೆ. ಟೆನಿಸ್‌ನ ಬಿಲ್ಲಿ ಜೀನ್ ಕಿಂಗ್ ಅವರ ಸಂಬಂಧ 1981ರಲ್ಲಿ ನ್ಯಾಯಾಲಯದ ದಾವೆಯೊಂದರಿಂದ ಬಯಲಾದಾಗ ಅವರ ಜಾಹೀರಾತು ಒಪ್ಪಂದಗಳು ಕೈತಪ್ಪಿಹೋದವು. ಆದ್ದರಿಂದ ಹಣದಾಚೆಗೂ ಒಂದು ಕಾರಣವಿದೆ. ಗಂಡಸರ ಆಟ 'ಗಂಡಸುತನ'ವೆಂಬ ಸರಕನ್ನು ಮಾರುತ್ತದೆ. ಆ ಸರಕಿನ ಬೆಲೆ ಉಳಿಯಬೇಕಾದರೆ ಹೆಣ್ತನವನ್ನು ಸದಾ ಹೀಗಳೆಯುತ್ತಿರಬೇಕು.

ಇದಕ್ಕೆ ನಾವು ಕೆನಡಾಕ್ಕೆ ಹೋಗಬೇಕಾಗಿಲ್ಲ. ನಾನು ಹಲವು ವರ್ಷ ನಮ್ಮ ಸಂಘದ ಕಬಡ್ಡಿ ತಂಡದ ಜೊತೆ ಊರೂರು ತಿರುಗಿದವನು. ಸೋತು ಬಂದ ಹುಡುಗನಿಗೆ ನಮ್ಮ ಕಡೆ ಹೇಳುವ ಮಾತು ನಿಮಗೆಲ್ಲ ಗೊತ್ತಿದೆ: 'ಕೈಗೆ ಬಳೆ ತೊಟ್ಟುಕೊ.' ಮರಾಠಿಯಲ್ಲೂ ಇದೇ ಬಳೆ, ಹಿಂದಿಯಲ್ಲೂ ಇದೇ ಬಳೆ. ಹೇಳುವವರಿಗೆ ಅದು ತಮಾಷೆ, ಹೆಚ್ಚೆಂದರೆ ಹುರಿದುಂಬಿಸುವ ಬೈಗುಳ. ಆದರೆ ಹನ್ನೆರಡು ಹುಡುಗರಿರುವ ಕೋಣೆಯಲ್ಲಿ ಒಬ್ಬನಿಗೆ ಮಾತ್ರ ಅದು ಬೇರೆಯಾಗಿ ಕೇಳಿಸುತ್ತದೆ. ಅವನು ಎಲ್ಲರಿಗಿಂತ ಜೋರಾಗಿ ನಗುವುದನ್ನು ಕಲಿಯುತ್ತಾನೆ, ಇಲ್ಲವೆ ಬರುವುದನ್ನು ನಿಲ್ಲಿಸುತ್ತಾನೆ. ಇಲ್ಯಾ ರೊಜಾನೊವ್‌ನ ಉಡಾಫೆ ಆ ಜೋರು ನಗೆ. ಶೇನ್ ಹಾಲೆಂಡರನ ಶಿಸ್ತು ಆ ಮೌನ. ಹೊರಗೆ ಉತ್ತರ-ದಕ್ಷಿಣವೆಂದು ಕಾಣುವ ಇವರಿಬ್ಬರ ಒಳಗಿನ ಭಯ ಒಂದೇ. ವಿರುದ್ಧ ಸ್ವಭಾವಗಳ ಆಕರ್ಷಣೆ ಎಂದು ಪ್ರಚಾರಕರು ಹೇಳುವ ಕಥೆಯ ಒಳತೋಟಿಯನ್ನು ನಾನು ಓದಿಕೊಂಡದ್ದು ಹೀಗೆ.

ಇನ್ನೊಂದು ಸೂಕ್ಷ್ಮವೂ ಇದೆ. ಎದುರಾಳಿಯನ್ನು ಅರಿಯುವುದು ಆಟಗಾರನ ವೃತ್ತಿ. ಅವನು ಯಾವ ಕಡೆಗೆ ವಾಲುತ್ತಾನೆ, ದಣಿದಾಗ ಉಸಿರು ಹೇಗೆ ಬಿಡುತ್ತಾನೆ, ಸುಳ್ಳು ಹೆಜ್ಜೆ ಹಾಕುವ ಮುನ್ನ ಕಣ್ಣು ಎತ್ತ ಹೊರಳುತ್ತದೆ. ವರ್ಷಗಟ್ಟಲೆ ಹೀಗೆ ಒಬ್ಬರನ್ನೊಬ್ಬರು ಓದಿಕೊಂಡ ಇವರಷ್ಟು ಅವರನ್ನು ಬಲ್ಲವರು ಅವರವರ ತಂಡದಲ್ಲೂ ಇಲ್ಲ. ಹಗೆತನಕ್ಕೂ ಒಲವಿಗೂ ಸಮಾನವಾದ ಈ ಏಕಾಗ್ರತೆಯನ್ನು ಲೇಖಕಿ ಚೆನ್ನಾಗಿ ಹಿಡಿದಿದ್ದಾರೆ. ಕಥೆಯಲ್ಲಿ ಒಂದು ಪಂದ್ಯದ ನಡುವೆ ಶೇನ್ ಪೆಟ್ಟು ತಿಂದು ಮಂಜಿನ ಮೇಲೆ ಅಲ್ಲಾಡದೆ ಬೀಳುತ್ತಾನೆ. ಇಲ್ಯಾ ಎದುರು ತಂಡದವನು. ಸಾವಿರಾರು ಜನ ನೋಡುತ್ತಿರುವಾಗ ಅವನು ಅಲ್ಲಿ ಮಂಡಿಯೂರಿ ಕೂರುವಂತಿಲ್ಲ, ಅಳುವಂತಿಲ್ಲ, ಆಸ್ಪತ್ರೆಯ ಗಾಡಿ ಹತ್ತುವಂತಿಲ್ಲ. ನಮ್ಮ ನಡುವೆ ಇಂಥ ಸಂಗಾತಿಯ ಕಾಯಿಲೆಯ ಹೊತ್ತಿನಲ್ಲಿ ಆಸ್ಪತ್ರೆಯ ಬಾಗಿಲಲ್ಲಿ 'ನೀವು ರೋಗಿಗೆ ಏನಾಗಬೇಕು?' ಎಂಬ ಪ್ರಶ್ನೆಗೆ 'ಗೆಳೆಯ' ಎಂದಷ್ಟೇ ಹೇಳಿ ಹೊರಗೆ ನಿಂತವರಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಈಗ ಭಾಷೆಯ ವಿಚಾರಕ್ಕೆ ಬರುತ್ತೇನೆ. ಪರಭಾಷೆಯ ನಾಡಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ಕಥೆ ಅತ್ಯಂತ ಹತ್ತಿರವಾಗುವುದು ಇಲ್ಲಿಯೇ. ಇಲ್ಯಾಗೆ ಇಂಗ್ಲಿಷ್ ಅರೆಬರೆ. ತುಂಡು ತುಂಡು ವಾಕ್ಯ, ಆದ್ದರಿಂದ ಒರಟನೆಂಬ ಹೆಸರು. ತಂದೆ ತೀರಿಕೊಂಡು ಮಾಸ್ಕೋಗೆ ಹೋದಾಗ, ಅಲ್ಲಿಂದ ಶೇನ್‌ಗೆ ದೂರವಾಣಿ ಮಾಡುತ್ತಾನೆ. ಎದೆಯ ಭಾರವನ್ನು ಇಂಗ್ಲಿಷಿನಲ್ಲಿ ಇಳಿಸಲಾರ. ಆಗ ಶೇನ್, ನನಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ನಿನ್ನ ಭಾಷೆಯಲ್ಲೇ ಹೇಳು ಎನ್ನುತ್ತಾನೆ. ಇಲ್ಯಾ ರಷ್ಯನ್ ಭಾಷೆಯಲ್ಲಿ ಎಲ್ಲವನ್ನೂ ಹೇಳುತ್ತಾನೆ: ಮನೆಯವರ ಮೇಲಿನ ಸಿಟ್ಟು, ಒಂಟಿತನ, ಕೊನೆಗೆ ಒಲವು. ಕೇಳುವವನಿಗೆ ಒಂದು ಪದವೂ ತಿಳಿಯದು, ಆದರೂ ಕೇಳುತ್ತಾನೆ. ಕಚೇರಿಯಲ್ಲಿ ಇಂಗ್ಲಿಷ್, ಗಾಡಿಯಲ್ಲಿ ಹಿಂದಿ, ಮಾರುಕಟ್ಟೆಯಲ್ಲಿ ಮರಾಠಿ ಆಡಿ, ರಾತ್ರಿ ಮನೆಯಲ್ಲಿ ಮಾತ್ರ ಕನ್ನಡದಲ್ಲಿ ಉಸಿರಾಡುವ ನಾವು ಈ ಸುಖವನ್ನೂ ಸಂಕಟವನ್ನೂ ಬಲ್ಲೆವು. ನಮ್ಮ ಎರಡನೆಯ ತಲೆಮಾರಿನ ಮಕ್ಕಳೋ, ತಮ್ಮ ಮನಸ್ಸಿನ ಮಾತಿಗೆ ಯಾವ ಭಾಷೆಯೆಂದು ತಿಳಿಯದೆ ಸುಮ್ಮನಾಗುತ್ತಾರೆ.

ಹೆಸರಿನ ಮಾತೂ ಹೀಗೆಯೇ. ಕಥೆಯುದ್ದಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ಕುಲನಾಮದಿಂದಲೇ ಕರೆಯುತ್ತಾರೆ. ಆಟದ ಅಂಗಿಯ ಬೆನ್ನ ಮೇಲೆ ಬರೆದಿರುವ ಹೆಸರು ಅದು. ಲೋಕ ಕೂಗುವ ಹೆಸರು. ಎಷ್ಟೋ ವರ್ಷಗಳ ಮೇಲೆ ಬಾಸ್ಟನ್ನಿನ ಮನೆಯಲ್ಲಿ, ಇಲ್ಯಾ ತಾನೇ ಮಾಡಿದ ತಿಂಡಿ ಬಡಿಸಿದ ದಿನ, ಮೊದಲ ಬಾರಿಗೆ 'ಶೇನ್', 'ಇಲ್ಯಾ' ಎಂದು ಅವರ ಬಾಯಿಂದ ಬರುತ್ತದೆ. ಮೈ ಹಂಚಿಕೊಂಡಾಗ ಹೆದರದ ಶೇನ್ ಆ ಹೆಸರಿಗೆ ಹೆದರಿ ಎದ್ದು ಹೋಗಿಬಿಡುತ್ತಾನೆ. 'ನೀವು' ಎನ್ನುತ್ತಿದ್ದವರು 'ನೀನು' ಎಂದಾಗ ಆಗುವ ಪಲ್ಲಟ ಕನ್ನಡದ ಕಿವಿಗೆ ಚೆನ್ನಾಗಿ ಗೊತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಸರ್ವನಾಮವಿಲ್ಲದ್ದರಿಂದ ಲೇಖಕಿ ಹೆಸರುಗಳಿಂದ ಆ ಕೆಲಸ ಮಾಡಿಸಿದ್ದಾರೆ.

ನಮ್ಮ ಭಾಷೆಯಲ್ಲಿ ಈ ಸಂಬಂಧಕ್ಕೆ ಇರುವ ಹೆಸರೇನು? ಪತ್ರಿಕೆಗಳು ದಶಕಗಳಿಂದ ಬಳಸಿಕೊಂಡು ಬಂದ ಪದ 'ಸಲಿಂಗಕಾಮ'. ಗಂಡು ಹೆಣ್ಣಿನ ಸಂಬಂಧಕ್ಕೆ ನಮ್ಮಲ್ಲಿ ಪ್ರೀತಿ, ಒಲವು, ಪ್ರಣಯ, ದಾಂಪತ್ಯ, ಸಂಸಾರ ಎಂಬ ಪದಗಳ ಸಾಲೇ ಇದೆ. ಇವರ ಪಾಲಿಗೆ ಉಳಿಸಿದ್ದು 'ಕಾಮ' ಒಂದನ್ನೇ. ಈ ಕೊರತೆಯನ್ನು ತುಂಬಿದ ಮುಖ್ಯ ಕೃತಿ ವಸುಧೇಂದ್ರ ಅವರ ಕಥಾಸಂಕಲನ 'ಮೋಹನಸ್ವಾಮಿ'. 2013ರಲ್ಲಿ ಅದು ಪ್ರಕಟವಾದಾಗ, ಸಣ್ಣ ಊರಿನಿಂದ ಬೆಂಗಳೂರಿಗೆ ಬಂದ ತರುಣನೊಬ್ಬ ಗಂಡಸನ್ನು ಪ್ರೀತಿಸಿ, ಆ ಪ್ರೀತಿಪಾತ್ರ ಹೆಣ್ಣನ್ನು ಮದುವೆಯಾಗಿ ಹೊರಟುಹೋಗುವ ನೋವು ಕನ್ನಡದಲ್ಲಿ, ಕನ್ನಡದ್ದೇ ಮಾತಿನಲ್ಲಿ ದಾಖಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, 2009ರ ದೆಹಲಿ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ 377ನೆಯ ಕಲಮನ್ನು ಎತ್ತಿಹಿಡಿಯಿತು ಎಂಬುದನ್ನು ನೆನೆದರೆ ಆ ಕೃತಿಯ ಧೈರ್ಯ ಅರಿವಾಗುತ್ತದೆ. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಅದೇ ನ್ಯಾಯಾಲಯ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ. ಕ್ರೀಡಾರಂಗದಲ್ಲಿ ಒಡಿಶಾದ ಓಟಗಾರ್ತಿ ದ್ಯುತಿ ಚಂದ್ 2019ರಲ್ಲಿ ತಮ್ಮ ಒಲವನ್ನು ಬಹಿರಂಗವಾಗಿ ಹೇಳಿದರು. ಮನೆಯವರ ವಿರೋಧವನ್ನೂ ಎದುರಿಸಿದರು. ಇಲ್ಲಿಯೂ ಮೊದಲು ಮಾತನಾಡಿದ್ದು ಹೆಣ್ಣುಮಗಳು.

ಈ ಕಥೆಯ ಬಗ್ಗೆ ನನ್ನದೊಂದು ಆಕ್ಷೇಪವಿದೆ. ಶೇನ್ ಮತ್ತು ಇಲ್ಯಾ ಕೊನೆಗೆ ನಿರಾಳವಾಗಿ ಕೂಡುವುದು ಆಟವಾದ ಬಳಿ ಸರೋವರದ ದಂಡೆಯಲ್ಲಿರುವ ಶೇನ್‌ನ ಒಂಟಿ ಮನೆಯಲ್ಲಿ. ಸುತ್ತ ಕಾಡು, ನೀರು, ನೋಡುವವರಿಲ್ಲ. ಕೋಟ್ಯಧೀಶ ಆಟಗಾರನಿಗೆ ಏಕಾಂತವನ್ನು ಕೊಂಡುಕೊಳ್ಳುವ ಶಕ್ತಿಯಿದೆ. ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ ಆರು ಮಂದಿ ಮಲಗುವ ಚಾಳಿನ ಹುಡುಗನಿಗೆ ಆ ಸರೋವರ ಎಲ್ಲಿದೆ? ಪ್ರೀತಿಗೆ ಮೊದಲು ಬೇಕಾದದ್ದು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಬಡವರಿಗೆ ಅದಿಲ್ಲ. ಈ ಮಾತು ಗಂಡು ಹೆಣ್ಣಿನ ಪ್ರೀತಿಗೂ ಸಲ್ಲುತ್ತದೆ. ಆದರೆ ಅವರಿಗೆ ಮದುವೆಯಾದ ಮೇಲೆ ಒಂದು ಪರದೆಯನ್ನಾದರೂ ಕಟ್ಟಿಕೊಡುತ್ತೇವೆ.

ಈ ಅಂಶವನ್ನು ಲೇಖಕಿ ಪೂರ್ತಿ ಮರೆತಿಲ್ಲ ಎನ್ನಬೇಕು. ಮಾಲೆಯ ಮೊದಲ ಕಾದಂಬರಿಯ ಜೋಡಿ ನ್ಯೂಯಾರ್ಕ್ ತಂಡದ ನಾಯಕ ಸ್ಕಾಟ್ ಹಂಟರ್ ಮತ್ತು ಹಣ್ಣಿನ ಪಾನೀಯದ ಅಂಗಡಿಯಲ್ಲಿ ದುಡಿಯುವ ಕಿಪ್. ಧಾರಾವಾಹಿಯ ಮೂರನೆಯ ಕಂತು ಇವರದೇ ಕಥೆ. ಗುಟ್ಟು ಕಾಯಬೇಕಾದ್ದು ಸ್ಕಾಟನ ಹೆಸರಿಗಾಗಿ. ಅದಕ್ಕಾಗಿ ಗೆಳೆಯರಿಗೆ, ಮನೆಯವರಿಗೆ ಸುಳ್ಳು ಹೇಳುತ್ತ ಬದುಕಬೇಕಾದವನು ಕಿಪ್. ಅಂತರದ ಪ್ರೇಮದಲ್ಲಿ ಬೆಲೆ ತೆರುವವನು ಕೆಳಗಿನವನೇ. ಕೊನೆಗೆ ಸ್ಕಾಟ್ ಪ್ರಶಸ್ತಿ ಗೆದ್ದ ದಿನ ತುಂಬಿದ ಕ್ರೀಡಾಂಗಣದಲ್ಲಿ ಕಿಪ್‌ನನ್ನು ಮಂಜಿನ ಮೇಲಕ್ಕೆ ಕರೆದು ಎಲ್ಲರೆದುರು ಮುತ್ತಿಡುತ್ತಾನೆ. ಬೇರೆ ಬೇರೆ ಊರುಗಳಲ್ಲಿ ಕುಳಿತು ಇದನ್ನು ದೂರದರ್ಶನದಲ್ಲಿ ನೋಡಿದ ಶೇನ್ ಮತ್ತು ಇಲ್ಯಾ ಬೆರಗಾಗುತ್ತಾರೆ. ಅಲ್ಲಿಯವರೆಗೆ ಸರೋವರದ ಮನೆಗೆ ಬರಲು ಹಿಂದೆಮುಂದೆ ನೋಡುತ್ತಿದ್ದ ಇಲ್ಯಾ ಕೂಡಲೇ ಕರೆಮಾಡಿ ಬರುತ್ತೇನೆ ಎನ್ನುತ್ತಾನೆ. ಒಬ್ಬನ ಧೈರ್ಯ ಅವನಿಗೆ ಪರಿಚಯವೇ ಇಲ್ಲದ ಕಡೆ ಇನ್ನಿಬ್ಬರಿಗೆ ಬಾಗಿಲು ತೆರೆಯುತ್ತದೆ. ಸಾಹಿತ್ಯವೂ ಕೆಲವೊಮ್ಮೆ ಮಾಡುವ ಕೆಲಸ ಇದು.

ಇಲ್ಯಾಗೆ ಇನ್ನೊಂದು ಭಯವೂ ಉಂಟು. ರಷ್ಯದಲ್ಲಿ 2013ರಲ್ಲಿ ಸಲಿಂಗ ಸಂಬಂಧಗಳ 'ಪ್ರಚಾರ'ವನ್ನು ನಿಷೇಧಿಸುವ ಕಾನೂನು ಬಂತು. 2022ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. 2023ರ ನವೆಂಬರಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇಡೀ ಚಳವಳಿಯನ್ನೇ ಉಗ್ರಗಾಮಿ ಎಂದು ಸಾರಿತು. ಕಥೆಯಲ್ಲಿ ಸೋಚಿ ಒಲಿಂಪಿಕ್ಸ್ ಬಂದಾಗ ಇಲ್ಯಾ ತನ್ನ ನೆಲದಲ್ಲಿ ಶೇನ್‌ನ ಮುಖ ನೋಡಲೂ ಅಂಜುತ್ತಾನೆ. ತವರಿಗೆ ಹೋದಾಗ ಉಸಿರು ಬಿಗಿಯುವುದು, ಪರಊರಿನಲ್ಲಿ ಉಸಿರು ಸಡಿಲವಾಗುವುದು. ಹೊಟ್ಟೆಪಾಡಿಗೆಂದು ಈ ಮಹಾನಗರಕ್ಕೆ ಬಂದವರ ಕಥೆಯನ್ನು ನಾವು ಹಲವು ಸಲ ಬರೆದಿದ್ದೇವೆ. ಊರಿನಲ್ಲಿ ತಾನು ತಾನಾಗಿರಲು ಸಾಧ್ಯವಾಗದೆ ಇಲ್ಲಿಗೆ ಬಂದವರೂ ನಮ್ಮ ನಡುವೆ ಇದ್ದಾರೆ. ಅವರ ವಲಸೆಯ ಚರಿತ್ರೆಯನ್ನು ನಮ್ಮ ಸ್ಮರಣ ಸಂಚಿಕೆಗಳು ಬರೆದಿಲ್ಲ. ಅಂಥವರಲ್ಲಿ ಕೆಲವರು ಸಂಘದ ಕಡೆ ಸುಳಿಯುವುದಿಲ್ಲ. ಊರಿನ ಕಣ್ಣನ್ನು ತಪ್ಪಿಸಿಕೊಂಡು ಬಂದವರಿಗೆ, ಇಲ್ಲಿಯೂ ಅದೇ ಕಣ್ಣು ಕಾದು ಕುಳಿತಿದೆಯೇನೋ ಎಂಬ ಅಳುಕು.

ಕಥೆಯ ಕೊನೆಯ ಘಟ್ಟ ನಮ್ಮಂಥ ಹಿರಿಯರಿಗೆ ಸೇರಿದ್ದು. ಸರೋವರದ ಮನೆಗೆ ಹೇಳದೆ ಬಂದ ಶೇನ್‌ನ ತಂದೆ ಇಬ್ಬರನ್ನೂ ಒಟ್ಟಿಗೆ ನೋಡಿಬಿಡುತ್ತಾನೆ, ಮಾತನಾಡದೆ ಹಿಂದಿರುಗುತ್ತಾನೆ. ಆಮೇಲೆ ಶೇನ್, ಇಲ್ಯಾನನ್ನು ಕರೆದುಕೊಂಡು ತಂದೆತಾಯಿಯ ಮುಂದೆ ಹೋಗಿ ನಿಲ್ಲುತ್ತಾನೆ. ಮಗನ ಆಟವನ್ನು, ಒಪ್ಪಂದಗಳನ್ನು, ಹೆಸರನ್ನು ಇಷ್ಟು ವರ್ಷ ಕಾದುಕೊಂಡು ಬಂದ ತಾಯಿ ಅವಳು. ಮಗ ತಪ್ಪಿತಸ್ಥನಂತೆ ಕ್ಷಮೆ ಕೇಳಿದಾಗ, ಕ್ಷಮೆ ಕೇಳಬೇಕಾದವಳು ತಾನು ಎನ್ನುತ್ತಾಳೆ. ತನ್ನ ಬಳಿ ಹೇಳಿಕೊಳ್ಳಲಾಗದೆಂದು ಅವನಿಗೆ ಅನ್ನಿಸುವಂತಾಯಿತಲ್ಲ, ಅದಕ್ಕಾಗಿ. ಆ ತಾಯಿ ಕ್ರೂರಿಯಲ್ಲ, ಎಂದೂ ಬೈದವಳೂ ಅಲ್ಲ. ಮಗನ ಭವಿಷ್ಯದ ಬಗ್ಗೆ ಅವಳು ಹೆಣೆದ ಸುಂದರ ಚಿತ್ರದಲ್ಲಿ ಅವನಿಗೆ ಜಾಗವಿರಲಿಲ್ಲ, ಅಷ್ಟೆ. ವಿರೋಧಿಸುವ ತಂದೆತಾಯಿಗಳನ್ನು ನಮ್ಮ ಚಲನಚಿತ್ರಗಳು ಬೇಕಾದಷ್ಟು ತೋರಿಸಿವೆ. ಪ್ರೀತಿಸುತ್ತಲೇ ಬಾಯಿ ಕಟ್ಟುವ ತಂದೆತಾಯಿಗಳನ್ನು ತೋರಿಸಿದ್ದು ಕಡಿಮೆ.

ಸ್ನೇಹಿತರೆ, ನಮ್ಮ ಸಂಘಗಳು ಕನ್ನಡ ಶಾಲೆ ನಡೆಸಿವೆ, ನಾಟಕ ಆಡಿಸ್ತಿವೆ, ಗಡಿಯ ಪ್ರಶ್ನೆಗೆ ದನಿಯೆತ್ತಿವೆ. ಅಲ್ಪಸಂಖ್ಯಾತರಾಗಿ ಬದುಕುವುದೆಂದರೇನು, ಮನೆಯೊಳಗೊಂದು ಹೊರಗೊಂದು ಮಾತು ಇಟ್ಟುಕೊಳ್ಳುವುದೆಂದರೇನು ಎಂಬುದನ್ನು ಹೊರನಾಡ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಆ ಅರಿವನ್ನು ನಮ್ಮೊಳಗಿನ ಇನ್ನೊಂದು ಅಲ್ಪಸಂಖ್ಯೆಗೂ ಹಂಚಬೇಕು ಎಂಬುದಷ್ಟೇ ನನ್ನ ಕೋರಿಕೆ. ದೊಡ್ಡ ಠರಾವು ಬೇಡ, ಮೆರವಣಿಗೆ ಬೇಡ. ನಮ್ಮ ಕ್ರೀಡಾಕೂಟದ ಅಂಗಳದಲ್ಲಿ ಬಳೆಯ ಬೈಗುಳವನ್ನು ನಿಲ್ಲಿಸೋಣ. ಮೂವತ್ತು ದಾಟಿದ ಹುಡುಗ ಹಬ್ಬದ ಊಟಕ್ಕೆ ಬಂದಾಗ 'ಯಾವಾಗಪ್ಪಾ ಮದುವೆ ಊಟ?' ಎಂದು ನಾಲ್ಕು ಜನ ಸುತ್ತುವರಿದು ಕೇಳುವ ಬದಲು, 'ಹೇಗಿದ್ದೀಯಪ್ಪಾ?' ಎಂದು ಕೇಳಿ ಉತ್ತರಕ್ಕೆ ಕಾಯೋಣ. ಅವನು ಜೊತೆಗೆ ಒಬ್ಬನನ್ನು ಕರೆತಂದು 'ಇವನು ನನ್ನವನು' ಎಂದರೆ, ಪಂಕ್ತಿಯಲ್ಲಿ ಇನ್ನೊಂದು ಎಲೆ ಹಾಕೋಣ. ಆಟದ ಅಂಗಿಯ ಮೇಲಿನ ಹೆಸರಿನಿಂದಲ್ಲದೆ, ಮನೆಯ ಹೆಸರಿನಿಂದ ಅವನನ್ನು ಕರೆಯುವವರು ಈ ಪರಊರಿನಲ್ಲಿ ನಾವಲ್ಲದೆ ಬೇರೆ ಯಾರಿದ್ದಾರೆ?